ಕೊಪ್ಪರಿಗೆಯಣ್ಣ

ನಮ್ಮ ಷಡ್ಡಕನ ನಿಜವಾದ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬರೆದರೆ ನನ್ನ ಹೆಂಡತಿ, ಅಂದರೆ ಅವನ ನಾದಿನಿ, ರಾತ್ರಿ ನನಗೆ ಮುದ್ದೆ ತಿರುವುವುದಿಲ್ಲ. ಊರವರು ಇಟ್ಟ ಹೆಸರೇ ಸಾಕು: ಕೊಪ್ಪರಿಗೆಯಣ್ಣ. ಏಳು ಕೊಪ್ಪರಿಗೆ ಹೊನ್ನು ಎಲ್ಲೋ ಹೂತಿದೆ, ಅದು ತನ್ನನ್ನೇ ಹೆಸರು ಹಿಡಿದು ಕರೆಯುತ್ತಿದೆ ಎಂದು ನಂಬಿ ಇಪ್ಪತ್ತು ವರ್ಷ ಕಳೆದವನಿಗೆ ಬೇರೆ ಹೆಸರು ಹೊಂದುವುದೂ ಇಲ್ಲ.

ಇಂಥವರು ನಿಮ್ಮ ಕಡೆಯೂ ಇರುತ್ತಾರೆ. ಮೊದಲ ಗುರುತು ದನಿ. "ಕಾಫಿಗೆ ಸಕ್ಕರೆ ಸಾಲದು" ಎನ್ನುವುದನ್ನೂ ಕೊಪ್ಪರಿಗೆಯಣ್ಣ ಆಚೀಚೆ ನೋಡಿಕೊಂಡು ಪಿಸುಗುಟ್ಟುತ್ತಾನೆ. ಎರಡನೆಯ ಗುರುತು ಎದೆಜೇಬು. ಅಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಕೆಯ ಕಡೆಯೆಲ್ಲ ಹರಿದ ಒಂದು ಜೆರಾಕ್ಸ್ ಪ್ರತಿ. ತಾಮ್ರಪಟದ್ದಂತೆ. ಯಾರಿಗೂ ತೋರಿಸುವುದಿಲ್ಲ. ನನಗೆ ತೋರಿಸಿದಾಗಲೂ ಅರ್ಧ ಭಾಗ ಹೆಬ್ಬೆರಳಿನಿಂದ ಮುಚ್ಚಿಕೊಂಡೇ ತೋರಿಸಿದ.

ಹಾವಿನ ವ್ಯಾಪಾರಕ್ಕೂ ಒಮ್ಮೆ ಕೈ ಹಾಕಿದ್ದ. ಎರಡು ತಲೆಯ ಹಾವು ಎಂದು ಜನ ಮುಗಿಬೀಳುವ ಆ ಮಣ್ಣುಮುಕ್ಕ ಹಾವು ಬಡಪಾಯಿ. ಬಾಲ ಮೊಂಡಾಗಿ ಹುಟ್ಟಿದ್ದೊಂದೇ ಅದರ ತಪ್ಪು. ಆಮೇಲೆ ಚೊಂಬು ಬಂತು. ಸಿಡಿಲು ಬಡಿದು ಇರಿಡಿಯಂ ಆಗಿದೆ, ಅಕ್ಕಿಕಾಳನ್ನು ತಾನೇ ಎಳೆದುಕೊಳ್ಳುತ್ತದೆ, ನಾಸಾದವರು ಕೋಟಿಗಟ್ಟಲೆ ಕೊಟ್ಟು ಒಯ್ಯುತ್ತಾರೆ ಎಂದೆಲ್ಲ ಹೇಳಿ ಯಾರೋ ತಾಮ್ರದ ಚೊಂಬೊಂದನ್ನು ಇವನಿಗೆ ದಾಟಿಸಿದರು. ಅದು ಒಂದು ಕಾಳು ಅಕ್ಕಿಯನ್ನೂ ಎಳೆಯಲಿಲ್ಲ. ಅತ್ತಿಗೆಯ ಎರಡೆಳೆ ಸರವನ್ನು ಮಾತ್ರ ಎಳೆದುಕೊಂಡಿತು. ಈಗ ಅದು ಅವರ ಬಚ್ಚಲಮನೆಯಲ್ಲಿದೆ. ಅತ್ತಿಗೆ ದಿನಾ ಬೆಳಿಗ್ಗೆ ಅದರಲ್ಲೇ ನೀರು ಹೊಯ್ದುಕೊಳ್ಳುತ್ತಾರೆ. ಇಷ್ಟು ದುಬಾರಿ ಚೊಂಬಿನಲ್ಲಿ ಯಾವ ಮಹಾರಾಣಿಯೂ ಮಿಂದಿರಲಿಕ್ಕಿಲ್ಲ.

ವಾದದಲ್ಲಿ ಅವನನ್ನು ಗೆಲ್ಲಲಾಗುವುದಿಲ್ಲ. 2013ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ, ಒಬ್ಬ ಸಾಧುವಿಗೆ ಕನಸಿನಲ್ಲಿ ಸಾವಿರ ಟನ್ ಚಿನ್ನ ಕಂಡಿತೆಂದು ಪುರಾತತ್ವ ಇಲಾಖೆಯೇ ಗುದ್ದಲಿ ಹಿಡಿದು ನಿಂತಿತಲ್ಲ, ಅದು ಅವನ ಪಾಲಿಗೆ ವೇದವಾಕ್ಯ. "ಸರ್ಕಾರನೇ ಅಗೀತು ಮೇಷ್ಟ್ರೇ!"

"ಅಣ್ಣಾ, ಮಡಕೆ ಚೂರು ಬಿಟ್ಟು ಏನೂ ಸಿಗಲಿಲ್ಲವಲ್ಲ."

"ಸಿಗಲಿಲ್ಲ ಅಂತ ಹೇಳಿದ್ರು. ಅಷ್ಟೇ."

ಆ 'ಅಷ್ಟೇ'ಯಲ್ಲಿ ಅವನ ಇಡೀ ತತ್ವಶಾಸ್ತ್ರವಿದೆ. ಸಿಕ್ಕಿದ್ದರೆ ನಿಧಿ ಇತ್ತು ಎಂದಾಯಿತು, ಸಿಗದಿದ್ದರೆ ಯಾರೋ ಹೊಡೆದುಕೊಂಡರು ಎಂದಾಯಿತು. ನಿಧಿ ಇರಲೇ ಇಲ್ಲ ಎಂಬ ಮೂರನೆಯ ದಾರಿ ಅವನ ಭೂಪಟದಲ್ಲಿಲ್ಲ.

ನನ್ನ ಪಾಡು ಶುರುವಾಗಿದ್ದು ನನ್ನ ಜಂಬದಿಂದಲೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಲೇ ಶಾಸನಶಾಸ್ತ್ರದ ಡಿಪ್ಲೊಮಾ ಮಾಡಿಕೊಂಡವನು ನಾನು. ಚಿತ್ರದುರ್ಗದ ಕಡೆ ಕಲ್ಲಿಗೇನೂ ಬರವಿಲ್ಲ. ಭಾನುವಾರ ಬಂದರೆ ಕಾಗದ, ಮಸಿ, ಬ್ರಷ್ಷು ಹಿಡಿದು ಪಡಿಯಚ್ಚು ತೆಗೆಯಲು ಹೊರಡುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಯಾವ ನೆಂಟನೂ "ಆ ಕಲ್ಲಲ್ಲಿ ಏನಿದೆ?" ಎಂದು ಕೇಳಿದ್ದಿಲ್ಲ. ಕೇಳಿದವನು ಇವನೊಬ್ಬನೇ. ಮರುಳಾಗದೆ ಏನು ಮಾಡಲಿ?

ಅವನ ಓದೇ ಬೇರೆ. ದಾನ ಆಚಂದ್ರಾರ್ಕವಾಗಿರಲಿ ಎಂದು ಕಲ್ಲಿನ ತಲೆಯಲ್ಲಿ ಕೊರೆದ ಸೂರ್ಯಚಂದ್ರರು ಅವನಿಗೆ ಚಿನ್ನ, ಬೆಳ್ಳಿ. ನಾಗರಕಲ್ಲು ಎಂದರೆ ಕಾವಲು. ಮಾಸ್ತಿಕಲ್ಲಿನಲ್ಲಿ ಆ ತಾಯಿ ಮೊಣಕೈ ಮಡಚಿ ಎತ್ತಿದ ಕೈ ಇರುತ್ತದಲ್ಲ, ಅದು ದಿಕ್ಕಿನ ಸೂಚನೆ. ಆ ಕೈ ಆಕಾಶದ ಕಡೆಗಿದೆ ಎಂದೆ. "ಅದೇ ಮೇಷ್ಟ್ರೇ, ದಾರಿ ತಪ್ಸೋಕೆ ಹಂಗೆ ಮಾಡಿರೋದು."

ಹೀಗಿರುವಾಗ ಒಂದು ಸಂಜೆ ಅವನ ಹೊಲದ ಅಂಚಿನ ಪಾಳು ಗುಡಿಯ ಮುಂದಿದ್ದ ವಿಜಯನಗರ ಕಾಲದ ಕಲ್ಲನ್ನು ಅವನಿಗೆ ಓದಿ ಹೇಳಿದೆ. ದೇವರ ನಂದಾದೀಪಕ್ಕೆ ಭೂಮಿ ಬಿಟ್ಟ ಸಂಗತಿ. ಜೊತೆಗೆ ವರ್ಷಕ್ಕೆ ಹನ್ನೆರಡು ಗದ್ಯಾಣದ ತೆರಿಗೆ ಮಾಫಿ. ಕೆಳಗೊಂದು ಸಾಲು ಸವೆದುಹೋಗಿತ್ತು. ಕೊನೆಯಲ್ಲಿ ಮಾಮೂಲಿನ ಶಾಪಾಶಯ: ಇದಕ್ಕೆ ಅಳುಪಿದವನು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುವನು. "ಗದ್ಯಾಣ ಅಂದ್ರೆ?" ಎಂದ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಮೇಷ್ಟ್ರ ಬಾಯಿ ಮುಚ್ಚುತ್ತದೆಯೆ? "ಚಿನ್ನದ ನಾಣ್ಯ" ಎಂದೆ. ಆ ಮೇಲೆ ಹದಿನೈದು ದಿನ ಅವನು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಮುಂದಿನದನ್ನು ನಾಲ್ವರು ಬೇರೆಬೇರೆಯಾಗಿ ಬಂದು ನನಗೆ ಹೇಳಿದ್ದಾರೆ. ನಾಲ್ಕು ಕಥೆಯಲ್ಲೂ ಹೇಳಿದವನೊಬ್ಬನೇ ಸಾಚಾ. ಕೊಪ್ಪರಿಗೆಯಣ್ಣ, ಅಂಜನ ಹಾಕುವ ಪೂಜಾರಿ, ದಾವಣಗೆರೆಯಿಂದ ಬಂದ ಬಡ್ಡಿ ಸಾಹುಕಾರ, ಅವನ ಜೊತೆಗೊಬ್ಬ ಲಾರಿ ಡ್ರೈವರ್. ಅಗೆಯುವ ಮೊದಲೇ ಪಾಲಿನ ಜಗಳ ಬಂತು. ಬಾಯಿಮಾತು ಬೇಡ, ಛಾಪಾ ಕಾಗದವಾಗಲಿ ಎಂದ ಸಾಹುಕಾರ. ನಿಧಿ ಕಾಯ್ದೆಯ ಪ್ರಕಾರ ನೆಲದಡಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಜೈಲು. ಹಾಗಾಗಿ ಕಾಗದದಲ್ಲಿ ನಿಧಿ ಎಂದು ಬರೆಯುವಂತಿಲ್ಲ. ತಲೆ ಕೆರೆದುಕೊಂಡು ಕೊನೆಗೆ "ಕೃಷಿ ಹೊಂಡದ ಪಾಲುದಾರಿಕೆ ಕರಾರು, ಹೊಂಡದಲ್ಲಿ ದೊರೆತ ನೀರಿನಲ್ಲಿ ನಾಲ್ವರಿಗೂ ಸಮಪಾಲು" ಎಂದು ಬರೆಸಿದರು. ಸಾಹುಕಾರನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. "ನೀರು ಮತ್ತು ಇತರೆ" ಎಂದು ಸೇರಿಸಿದ.

ಅಮಾವಾಸ್ಯೆಯ ರಾತ್ರಿ. ನಾಲ್ಕೂ ಮೊಬೈಲು ಆಫ್ ಮಾಡಿ ಒಂದು ಟಿಫನ್ ಕ್ಯಾರಿಯರಿನೊಳಗೆ ಹಾಕಿ, ಮೇಲೊಂದು ಹಗ್ಗ ಬಿಗಿದು ನಾಲ್ವರೂ ಒಂದೊಂದು ಗಂಟು ಹಾಕಿದರು. ಅಗೆಯುವಾಗ ಮಾತಾಡಿದರೆ ನಿಧಿ ಸರಿದುಹೋಗುತ್ತದೆಂದು ಪೂಜಾರಿಯ ಕಟ್ಟಳೆ. ಸರಿ, ಗಡಪಾರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಡುರಾತ್ರಿ ಡ್ರೈವರಿಗೆ ಮೂತ್ರಕ್ಕೆ ಅವಸರವಾಗಿ ಬದುವಿನ ಕಡೆ ನಡೆದ. ಇವನೇಕೆ ಕತ್ತಲಿಗೆ ಹೋದ ಎಂದು ಸಾಹುಕಾರ ಹಿಂದೆ ಹೋದ. ಇಬ್ಬರೂ ಸೇರಿ ಏನು ಮಸಲತ್ತು ನಡೆಸಿದ್ದಾರೆಂದು ಪೂಜಾರಿ ಹೋದ. ಮೂವರೂ ಹೋದ ಮೇಲೆ ತಾನೊಬ್ಬನೇ ಗುಂಡಿಯ ಬಳಿ ಉಳಿದರೆ ನಾಳೆ ಅಪವಾದ ತನ್ನ ತಲೆಗೇ ಬರುತ್ತದಲ್ಲ ಎಂದು ಕೊಪ್ಪರಿಗೆಯಣ್ಣನೂ ಓಡಿದ. ನಾಲ್ವರೂ ಬದುವಿನ ಮೇಲೆ ಸಾಲಾಗಿ, ಮೌನವಾಗಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಗಿಡಕ್ಕೆ ನೀರಾಯಿತು. ಕರಾರಿನ ಒಂದು ಅಂಶವಾದರೂ ಅಕ್ಷರಶಃ ಈಡೇರಿತು.

ನಾಲ್ಕಡಿ ಆಳದಲ್ಲಿ ಗಡಪಾರೆ 'ಠಣ್' ಎಂದಿತಂತೆ. ನಾಲ್ವರೂ ಒಟ್ಟಿಗೆ ಗುಂಡಿಗೆ ಹಾರಿ ಒಬ್ಬರ ಮೇಲೊಬ್ಬರು ಬಿದ್ದರು. ಪೂಜಾರಿಯ ಹಲ್ಲು ಅಲುಗಾಡಿತು. ಚಪ್ಪಡಿ ಎಬ್ಬಿಸಿದರೆ ಒಳಗೊಂದು ಮಡಕೆ. ಒಳಮೈ ಕಪ್ಪು, ಹೊರಮೈ ಕೆಂಪು, ಬಾಯಿತನಕ ಬೂದಿ, ನಡುವೆ ಮೂಳೆಯ ಚೂರು. ನನಗೆ ಗೊತ್ತು ಅದೇನೆಂದು. ಮೊಳಕಾಲ್ಮೂರಿನ ಹತ್ತಿರದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ತೆಗೆದದ್ದು ಇಂಥವೇ ಬೃಹತ್ ಶಿಲಾಯುಗದ ಸಮಾಧಿಗಳನ್ನು. ಯಾವ ಮನೆಯ ಹಿರಿಯನೋ, ಎರಡು ಸಾವಿರ ವರ್ಷಕ್ಕೂ ಹಿಂದೆ, ಮಕ್ಕಳು ಅಳುತ್ತ ಮಣ್ಣಿಗಿಟ್ಟು ಹೋದ ಜೀವ. ಅವರಿಗೆ ಕಂಡದ್ದೇ ಬೇರೆ. ಯೋಗ್ಯತೆ ಇಲ್ಲದವನ ಕೈ ತಗುಲಿದರೆ ಹೊನ್ನು ಬೂದಿಯಾಗುತ್ತದೆಂದು ನಮ್ಮ ಕಡೆ ಮಾತಿದೆಯಲ್ಲ. ಚಿನ್ನ ಇದ್ದದ್ದು ಖಂಡಿತ, ನಮ್ಮಲ್ಲೊಬ್ಬನ ಮನಸ್ಸು ಕೆಟ್ಟಿತ್ತು, ಅದಕ್ಕೇ ಬೂದಿಯಾಯಿತು! ಯಾರ ಮನಸ್ಸು? ಸಾಹುಕಾರ ಡ್ರೈವರನ ಕಾಲರಿಗೆ ಕೈ ಹಾಕಿದ. ಯಾರೋ ಮಡಕೆಯನ್ನು ಒದ್ದರು. ಬೆಳಗಾಗುವ ಹೊತ್ತಿಗೆ ನಾಲ್ವರೂ ನಾಲ್ಕು ದಾರಿ ಹಿಡಿದಿದ್ದರು. ಟಿಫನ್ ಕ್ಯಾರಿಯರಿನ ಗಂಟು ಬಿಚ್ಚಲು ಒಬ್ಬರನ್ನೊಬ್ಬರು ಬಿಡದೆ, ಕೊನೆಗೆ ಹಗ್ಗ ಕೊಯ್ದರಂತೆ.

ನಗು ಬಂತೆ? ನನಗೂ ಬಂತು. ಆದರೆ ಸುದ್ದಿ ಕೇಳಿದ ಗಳಿಗೆಯಲ್ಲಿ ನನಗೆ ಮೊದಲು ಅನ್ನಿಸಿದ್ದೇನು ಎಂದು ಹೇಳಿಬಿಡುತ್ತೇನೆ. ಮಡಕೆ ಹೋಯಿತಲ್ಲ ಎಂದಲ್ಲ. 'ಕಲ್ಲು ಓದಿದವನು ನಾನು, ನನ್ನನ್ನು ಕರೆಯಲಿಲ್ಲವಲ್ಲ' ಎಂದು. ಆ ರಾತ್ರಿ ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಲೆಕ್ಕವನ್ನೂ ಹಾಕಿದೆ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಅದನ್ನೇ ಹಿಡಿದರೆ ಹನ್ನೆರಡು ಗದ್ಯಾಣಕ್ಕೆ ನಲವತ್ತರ ಮೇಲೊಂದು ಚೂರು. ನನ್ನನ್ನೂ ಸೇರಿಸಿ ಐವರು ಎಂದರೆ ತಲೆಗೊಂದು ಪವನು. ತೆರಿಗೆ ಮಾಫಿಯ ಲೆಕ್ಕ ಅದು, ಹೂತಿಟ್ಟ ಹಣವಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲಿಲ್ಲ. ಆದರೂ ಭಾಗಿಸಿದೆ. ಹೆಂಡತಿ ಬಂದಾಗ ಬಿಲ್ಲನ್ನು ತಿರುಗಿಸಿಟ್ಟೆ.

ಹೊಲದ ಗುಂಡಿಯಾದ್ದರಿಂದ ಇಷ್ಟಕ್ಕೆ ಮುಗಿಯಿತು. ಇದೇ ಚಟ 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನಕ್ಕೆ ಕಾಲಿಟ್ಟು, ತುಂಗಭದ್ರೆಯ ನಡುಗಡ್ಡೆಯಲ್ಲಿ ವ್ಯಾಸರಾಯರ ಬೃಂದಾವನವನ್ನೇ ರಾತ್ರೋರಾತ್ರಿ ಒಡೆದುಹಾಕಿತು. ಆ ಸುದ್ದಿ ಬಂದ ದಿನ ಕೊಪ್ಪರಿಗೆಯಣ್ಣನಿಗೆ ಫೋನು ಮಾಡಿ ಬೈದೆ. ಅವನು ಅಲ್ಲಿಗೆ ಹೋದವನಲ್ಲ, ಆ ಜನ ಯಾರೆಂದು ಅರಿಯದವನು. ಆದರೂ ಬೈಸಿಕೊಂಡ. "ಛೇ, ಸನ್ಯಾಸಿ ಹತ್ರ ಏನಿರುತ್ತೆ ಮೇಷ್ಟ್ರೇ" ಎಂದ. ನಿಜವಾಗಿ ನೊಂದಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಕೇಳಿದ ಅತ್ಯಂತ ವಿವೇಕದ ಮಾತು ಅದು.

ಒಮ್ಮೆ ಅವನನ್ನು ತಿದ್ದಲು ಮಸ್ಕಿಯ ಕಥೆ ಹೇಳಿದ್ದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ರಾಯಚೂರು ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತ ಹೋದವನು ಬಂಡೆಯ ಮೇಲೆ ಅಕ್ಷರ ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಶಾಸನಗಳಲ್ಲಿ ಕರೆಸಿಕೊಳ್ಳುತ್ತಿದ್ದ ದೊರೆ ಯಾರು ಎಂಬ ಒಗಟಿಗೆ ಅಲ್ಲಿ ಹೆಸರು ಸಿಕ್ಕಿತು: ಅಶೋಕ. ನೋಡು, ಚಿನ್ನ ಹುಡುಕಿ ಹೊರಟವನಿಗೆ ಚಕ್ರವರ್ತಿ ಸಿಕ್ಕ ಎಂದೆ. ನನ್ನ ಮಾತಿಗೆ ನಾನೇ ಪುಳಕಗೊಂಡಿದ್ದೆ. ಅವನೂ ಬಹಳ ಹೊತ್ತು ಸುಮ್ಮನಿದ್ದ. ಕಣ್ಣು ಹೊಳೆಯುತ್ತಿತ್ತು.

"ಆ ಬಂಡೆ ಕೆಳಗೆ ಅಗೆದು ನೋಡಿದ್ರಾ?"

ಈಗ ವಯಸ್ಸಾಯಿತು. ಮಂಡಿ ನೋವು, ಗಡಪಾರೆ ಎತ್ತಲಾಗುವುದಿಲ್ಲ. ಗುಂಡಿಯಲ್ಲಿ ಎರಡು ಮಳೆಗೆ ನೀರು ನಿಂತು ನಿಜಕ್ಕೂ ಹೊಂಡವಾಗಿದೆ. ಊರ ಎಮ್ಮೆಗಳು ಬೀಳುತ್ತವೆ. ಪಾಲುದಾರರು ಒಬ್ಬರೂ ನೀರು ಕೇಳಲು ಬಂದಿಲ್ಲ. ಹೋದ ವಾರ ಬಂದಿದ್ದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಹೆಂಡತಿ ಒಳಗೆ ಹೋಗುವುದನ್ನೇ ಕಾದು ಪಿಸುಗುಟ್ಟಿದ: "ಆ ಸವೆದಿದ್ ಸಾಲು, ಏನಾದ್ರೂ ತಿಳೀತಾ?"

"ಇಲ್ಲ ಅಣ್ಣ. ಪೂರ್ತಿ ಹೋಗಿದೆ. ಏನೂ ಕಾಣಲ್ಲ."

ನನ್ನ ಮುಖವನ್ನೇ ನೋಡಿದ. ನಂಬಲಿಲ್ಲ. ಎದೆಜೇಬು ಮುಟ್ಟಿಕೊಂಡು ಎದ್ದು ಹೋದ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಓರೆ ಬಿಸಿಲು ಕಲ್ಲಿನ ಮೇಲೆ ಬಿದ್ದಾಗ, ಆ ಸಾಲಿನಲ್ಲಿ ನನಗೊಂದು ಅಕ್ಷರ ಕಂಡಿತ್ತು. 'ಹೊ'. ಹೊಲ ಎಂದಿರಬಹುದು. ಹೊಲವೇ ಇರಬೇಕು. ಪಡಿಯಚ್ಚನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.