ದುರ್ಯೋಧನ ಬೀಳೋದಿಲ್ಲ

ಇಂಗ್ಲಿಷ್ ಬಲ್ಲವರು ವಾದದಲ್ಲಿ ಸಿಕ್ಕಿಬಿದ್ದಾಗ ‘ತುಶೇ’ ಎಂದು ನಕ್ಕುಬಿಡುತ್ತಾರೆ. ಮಾತು ಫ್ರೆಂಚರದು, ಕತ್ತಿವರಸೆಯ ಅಂಕಣದಿಂದ ಬಂದದ್ದು. ಎದುರಾಳಿಯ ಕತ್ತಿಮೊನೆ ಮೈಗೆ ತಗುಲಿದರೆ, ತಗುಲಿಸಿಕೊಂಡವನೇ ಬಾಯಿಬಿಟ್ಟು ‘ತಗುಲಿತು’ ಅನ್ನಬೇಕೆಂಬುದು ಅಲ್ಲಿನ ಹಳೆಯ ಮರ್ಯಾದೆ.

ಈ ಮರ್ಯಾದೆಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಒಮ್ಮೆ ತಂದು ನೋಡಿ. ಕತ್ತಿಗೇನೂ ಹೊಸ ಸೀಮೆಯಲ್ಲ. 1687ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯೇ ಆಗಿತ್ತು. ಆದರೂ ಕಬಡ್ಡಿಯಲ್ಲಿ ಟಚ್ ಆದವನು ‘ಎಲ್ಲಲಾ ಮುಟ್ಟಿದೆ? ಗಾಳಿ ಮುಟ್ಟಿರಬೇಕು’ ಅನ್ನುತ್ತಾನೆ. ಟೀ ಅಂಗಡಿಯ ವಾದದಲ್ಲಿ ಸೋತವನು ‘ಆಯ್ತು ಬಿಡಪ್ಪ, ನೀನೇ ಬುದ್ಧಿವಂತ’ ಎಂದು ಲೋಟ ಕುಕ್ಕುತ್ತಾನೆ. ಅದು ಒಪ್ಪಿಗೆಯಲ್ಲ, ನಾಳೆಯ ಜಗಳಕ್ಕೆ ಮುಂಗಡ. ಪಾವಗಡದವರಿಗೆ ಇನ್ನೂ ಅನುಕೂಲ: ಸುತ್ತ ಹೆಚ್ಚುಕಡಿಮೆ ಆಂಧ್ರವೇ ಆದ್ದರಿಂದ ಕನ್ನಡದಲ್ಲಿ ಸೋತ ವಾದವನ್ನು ತೆಲುಗಿನಲ್ಲಿ ಮುಂದುವರಿಸಬಹುದು.

ಇನ್ನು ‘ಕುರುಕ್ಷೇತ್ರ’ ನಾಟಕ. ಪಾತ್ರಧಾರಿಗಳೇ ದುಡ್ಡು ಹಾಕಿ ಆಡುವುದು. ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ. ಮಧುಗಿರಿ ಕಡೆಯ ಒಂದೂರಲ್ಲಿ ನಾನು ನೋಡಿದ ದುರ್ಯೋಧನನ ತೊಡೆಗೆ ಭೀಮನ ಗದೆ ಸರಿಯಾಗಿಯೇ ಬಿತ್ತು. ಗದೆಗೆ ಸುತ್ತಿದ್ದ ಬಂಗಾರದ ಬಣ್ಣದ ಕಾಗದ ಕಿತ್ತುಬಂದು ಮಕಮಲ್ಲಿನ ಚಲ್ಲಣಕ್ಕೆ ಅಂಟಿಕೊಂಡಿತು. ಆಸಾಮಿ ಅದನ್ನು ಕೊಡವಿ, ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿ ಶ್ರುತಿ ಕೇಳಿದ. ಮುಂದಿನ ಸಾಲಿನಲ್ಲಿ ಬೀಗರು ಕೂತಿದ್ದರು. ಒಂದು ಕಂದ ಆಯಿತು, ಮೇಲೊಂದು ಹಾಡು, ಅದಕ್ಕೆ ಒನ್ಸ್ ಮೋರು. ‘ಬಿದ್ಕೊಳ್ಳಣ್ಣೋ, ಬೆಳಗಾಯ್ತು, ಹಾಲು ಕರೀಬೇಕು’ ಎಂದು ಭೀಮ ಅಂಗಲಾಚಿದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. ‘ನೀನು ಕೊಟ್ಟಿದ್ದೆಷ್ಟು, ನಾನು ಕೊಟ್ಟಿದ್ದೆಷ್ಟು?’ ಎಂಬ ಉತ್ತರವೂ ಕೇಳಿತು.

ಹಾಗಂತ ಕತ್ತಿವರಸೆಯವರೆಲ್ಲ ಹರಿಶ್ಚಂದ್ರರೇನಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲೇ ‘ಎಪೇ’ ಎಂಬ ಕತ್ತಿಗೆ ವೈರು ಕಟ್ಟಿದರು. ಈಗ ಅದರ ಮೊನೆಯ ಮೇಲೆ 750 ಗ್ರಾಂ ಒತ್ತಡ ಬಿದ್ದರೆ ದೀಪ ಹತ್ತುತ್ತದೆ. ಒಪ್ಪುವುದು ಬಿಡುವುದು ಆಟಗಾರರ ಕೈಲಿಲ್ಲ. ಭಾರತದಿಂದ ಒಲಿಂಪಿಕ್ಸ್ ಕತ್ತಿವರಸೆಗೆ ಇಳಿದ ಮೊದಲಿಗರು ಭವಾನಿ ದೇವಿ. 2021ರಲ್ಲಿ ಟೋಕಿಯೊದಲ್ಲಿ ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಫ್ರಾನ್ಸಿನ ಮನೋನ್ ಬ್ರೂನೆ ಎದುರು 7-15ರಿಂದ ಸೋತರು. ಸೋತು, ದೇಶದ ಕ್ಷಮೆಯನ್ನೂ ಕೇಳಿದರು. ಅಷ್ಟು ಬೇಕಿರಲಿಲ್ಲ. ನಮ್ಮ ದುರ್ಯೋಧನ ಬೀಗರ ಕ್ಷಮೆಯನ್ನೂ ಕೇಳಿದವನಲ್ಲ.

ಅವನ ತೊಡೆಗೂ ಅಂಥದೊಂದು ವೈರು ಕಟ್ಟಬಹುದು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕೇ ಇರುವಾಗ ಕರೆಂಟಿಗೇನು ಬರ? ಆದರೆ ನಾಟಕ ನಡೆಯುವುದು ರಾತ್ರಿ ಹೊತ್ತು.