ಪಾಸ್‌ವರ್ಡ್ ಪಾಲುಪಟ್ಟಿ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಪೂರ್ತಿ ಓದಿದ ಮೇಲಷ್ಟೇ ರಿಮೋಟ್ ಮುಟ್ಟಿ. ರಿಮೋಟಿಗೆ ಹಾಕಿರುವ ಪ್ಲಾಸ್ಟಿಕ್ ಕವರ್ ತೆಗೆಯುವ ಅಗತ್ಯವಿಲ್ಲ.

ಒಂದೇ ಒಟಿಟಿ ಖಾತೆಯನ್ನು ನಾಲ್ಕು ಊರುಗಳಲ್ಲಿ ಕೂತು ನೋಡುತ್ತಿದ್ದು, ಈಗ ಬೇರೆಯಾಗಬೇಕಾಗಿ ಬಂದ ಕುಟುಂಬಗಳಿಗಾಗಿ ಇದನ್ನು ಬರೆಯಲಾಗಿದೆ. ಹೊಲ, ಮನೆ, ಅಜ್ಜಿಯ ಓಲೆ ಪಾಲಾಗುವಾಗ ಪಂಚಾಯ್ತಿಗೆ ಊರಿನ ಹಿರಿಯರಿದ್ದರು, ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಯಿತ್ತು, ಮನಸ್ಸಿಗೆ ಬಂದಷ್ಟು ವರ್ಷ ಎಳೆಯಲು ಕೋರ್ಟಿತ್ತು. ಈ ಪಾಲಿಗೆ ಅವು ಯಾವುವೂ ಇಲ್ಲ. 2023ರ ಜುಲೈ 20ರಂದು, ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಎಂಬ ನಿಯಮವನ್ನು ನೆಟ್‌ಫ್ಲಿಕ್ಸ್ ಭಾರತದಲ್ಲೂ ಜಾರಿಗೆ ತಂದಿತು. ಹಂಚಿಕೊಂಡು ನೋಡುತ್ತಿದ್ದವರಿಗೆ ಒಂದು ಇಮೇಲ್ ಬಂತು. ಅಲ್ಲಿಗೆ ಪಾಲಾಯಿತು.

ಹಿನ್ನೆಲೆ (ಅವಸರವಿದ್ದವರು ಬಿಟ್ಟು ಮುಂದೆ ಹೋಗಬಹುದು)

ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂದು 2017ರ ಮಾರ್ಚ್‌ನಲ್ಲಿ ಟ್ವೀಟ್ ಮಾಡಿದ್ದು ಇದೇ ನೆಟ್‌ಫ್ಲಿಕ್ಸ್. ಅದರ ಹಿಂದಿನ ವರ್ಷ, ಇದೊಂದು ಇದ್ದದ್ದೇ, ಹೊಂದಿಕೊಂಡು ಹೋಗಬೇಕು ಎಂಬ ಧಾಟಿಯಲ್ಲಿ ಕಂಪನಿಯ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಮಾತಾಡಿದ್ದರು. ಗಿರಾಕಿ ಹೆಚ್ಚುತ್ತಿದ್ದ ಕಾಲದ ಉದಾರ ಮಾತುಗಳಿವು. 2022ರ ಮೊದಲ ಮೂರು ತಿಂಗಳಲ್ಲಿ ಎರಡು ಲಕ್ಷ ಚಂದಾದಾರರು ಕೈಬಿಟ್ಟು ಹೋದರು. ದಶಕದಲ್ಲೇ ಮೊದಲ ಸಲ ಹೀಗಾಯಿತು. ಆಗ ಕಂಪನಿ ಲೆಕ್ಕದ ಪುಸ್ತಕ ತೆರೆದು ನೋಡಿತು: ಹಣ ಕೊಡುವ ಮನೆಗಳು 22 ಕೋಟಿ ಚಿಲ್ಲರೆ, ಕೊಡದೆ ನೋಡುವ ಮನೆಗಳು ಇನ್ನೂ 10 ಕೋಟಿಗೂ ಹೆಚ್ಚು. ಕೊಡದವರಿಂದ ಹಣ ಕೇಳುವ ಮೊದಲ ಪ್ರಯೋಗ ಚಿಲಿ, ಕೋಸ್ಟರಿಕಾ, ಪೆರು ದೇಶಗಳಲ್ಲಿ ನಡೆಯಿತು. 2023ರ ಮೇ ತಿಂಗಳಲ್ಲಿ ಅಮೆರಿಕ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳ ಸರದಿ, ಜುಲೈನಲ್ಲಿ ನಮ್ಮದು. ಜನ ಸಿಟ್ಟಾಗಿ ಬಿಟ್ಟು ಹೋಗುತ್ತಾರೆ ಎಂದು ಪತ್ರಿಕೆಗಳು ಬರೆದವು. ಜನ ಸಿಟ್ಟಾದದ್ದು ನಿಜ, ಆಮೇಲೆ ಸುಮ್ಮನೆ ಹಣ ಕಟ್ಟಿದ್ದೂ ನಿಜ. 2024 ಮುಗಿಯುವಾಗ ಚಂದಾದಾರರ ಸಂಖ್ಯೆ 30 ಕೋಟಿ ದಾಟಿತ್ತು. ಕಂಪನಿಯನ್ನು ಬೈಯುವುದು ಸುಲಭ. ಆದರೆ ಸಿನಿಮಾ ತೆಗೆಯಲು ದುಡ್ಡು ಬೇಕು ಎನ್ನುವ ವಾದದಲ್ಲಿ ತಪ್ಪೇನೂ ಕಾಣುವುದಿಲ್ಲ. ಏಳೆಂಟು ವರ್ಷ ರೂಢಿ ಮಾಡಿಸಿ, ಆಮೇಲೆ ರೂಢಿಯನ್ನೇ ಕಳ್ಳತನ ಎಂದರಲ್ಲ, ತಕರಾರು ಅಲ್ಲಿ.

ಪೆಟ್ಟಿಗೆಯಲ್ಲಿ ಏನೇನಿದೆ

ಖಾತೆದಾರ ಒಬ್ಬ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕಾರ್ಡಿನಿಂದ ತಿಂಗಳಿಗೆ 649 ರೂಪಾಯಿ ತಾನಾಗಿ ಕಡಿತ. ತಿಪಟೂರಿನ ಚಿಕ್ಕಪ್ಪ ಚಿಕ್ಕಮ್ಮ. ಊರೂರು ತಿರುಗುವ ಅವರ ಮಗ. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಅಕ್ಕ. ಪ್ರೊಫೈಲ್ ಐದು. ಐದನೆಯದರ ಹೆಸರು ‘ಗೆಸ್ಟ್’. ಅದು ಯಾರೆಂದು ಯಾರಿಗೂ ತಿಳಿಯದು, ಆದರೆ ಅವರು ಕೊರಿಯಾದ ಧಾರಾವಾಹಿಯೊಂದರ ಹನ್ನೊಂದನೇ ಕಂತಿನಲ್ಲಿದ್ದಾರೆ. ಹಳೆಯ ಪಿ.ಜಿ.ಯ ರೂಮ್‌ಮೇಟ್ ಇರಬಹುದು. ಅಳಿಸಬೇಡಿ, ಪಾಪ, ಕಂತು ಮುಗಿಯಲಿ.

ಮನೆ ಯಾವುದೆಂದು ಗೊತ್ತುಪಡಿಸುವುದು

ಇದನ್ನು ನೀವು ಮಾಡಬೇಕಿಲ್ಲ, ಟಿ.ವಿ. ಮಾಡುತ್ತದೆ. ಟಿ.ವಿ. ಯಾವ ಇಂಟರ್‌ನೆಟ್ ಸಂಪರ್ಕದಲ್ಲಿದೆಯೋ ಅದೇ ಮನೆ. ಆ ಸಂಪರ್ಕದಲ್ಲಿ ಅದೇ ಖಾತೆ ತೆರೆಯುವ ಮೊಬೈಲು, ಲ್ಯಾಪ್‌ಟಾಪುಗಳೆಲ್ಲ ಆ ಮನೆಯ ಮಕ್ಕಳು. ಐಪಿ ವಿಳಾಸ, ಸಾಧನದ ಗುರುತು, ಖಾತೆಯ ಚಟುವಟಿಕೆ ಇಷ್ಟನ್ನು ನೋಡಿ ಯಂತ್ರ ತೀರ್ಮಾನಿಸುತ್ತದೆ. ಜಿಪಿಎಸ್ ಬಳಸುವುದಿಲ್ಲವಂತೆ. ಹೀಗಾಗಿ ನಿಮ್ಮ ವೈಫೈಗೆ ಸೇರಿಕೊಂಡಿರುವ ಮಹಡಿ ಮೇಲಿನ ಬಾಡಿಗೆಯವರು ಯಂತ್ರದ ಕಣ್ಣಿಗೆ ಮನೆಯವರು. ಬಾಣಂತನಕ್ಕೆ ಬಂದು ಮೂರು ತಿಂಗಳು ಇದ್ದು ಹೋದ ಅಕ್ಕ ಹುಬ್ಬಳ್ಳಿ ಸೇರಿದ ಕೂಡಲೇ ಹೊರಗಿನವಳು.

ಸೂಚನೆ: ಊರೂರು ತಿರುಗುವವರು ತಿಂಗಳಿಗೊಮ್ಮೆ ತಮ್ಮ ಮೊಬೈಲನ್ನು ಮೂಲಮನೆಯ ವೈಫೈಗೆ ಸೇರಿಸಿ ಆ್ಯಪ್ ತೆರೆಯಬೇಕೆಂದು ಕಂಪನಿಯೇ ಸಲಹೆ ಕೊಟ್ಟಿತ್ತು. ಹಬ್ಬಕ್ಕೂ ಬಾರದ ಚಿಕ್ಕಪ್ಪನ ಮಗ ಇದಕ್ಕಾದರೂ ಬಂದಾನೆಂದು ಅಮ್ಮನಿಗೆ ಆಸೆ ಹುಟ್ಟೀತು. ಹುಟ್ಟಿಸಬೇಡಿ. ಅವನು ಬಂದರೆ ಚಪ್ಪಲಿಯನ್ನೂ ಬಿಚ್ಚದೆ ವರಾಂಡದಲ್ಲೇ ನಿಂತು ಆ್ಯಪ್ ತೆರೆದು ಹೊರಟುಬಿಡುತ್ತಾನೆ.

ಕೋಡ್ ತರಿಸುವ ಕ್ರಮ

ಈ ಕೈಪಿಡಿಯ ಜೀವಾಳ ಇಲ್ಲಿದೆ, ನಿಧಾನವಾಗಿ ಓದಿ.

ರಾತ್ರಿ ಊಟವಾದ ಮೇಲೆ ತಿಪಟೂರಿನ ಟಿ.ವಿ., ಇದು ನಿಮ್ಮ ಮನೆಯ ಟಿ.ವಿ. ಅಲ್ಲ ಎನ್ನುತ್ತದೆ. ತಾತ್ಕಾಲಿಕವಾಗಿ ನೋಡುವ ದಾರಿಯೊಂದಿದೆ: ಒಂದು ಗುಂಡಿ ಒತ್ತಿದರೆ ಖಾತೆದಾರನ ಇಮೇಲಿಗೋ ಮೊಬೈಲಿಗೋ ಕೋಡ್ ಹೋಗುತ್ತದೆ. ಅದರ ಆಯುಸ್ಸು 15 ನಿಮಿಷ. ಕಂಪನಿಯ ಪ್ರಕಾರ 15 ನಿಮಿಷ ಧಾರಾಳವಾಯಿತು. ಕಂಪನಿಗೆ ಚಿಕ್ಕಪ್ಪ ಗೊತ್ತಿಲ್ಲ.

“ಏನಪ್ಪಾ, ಊಟ ಆಯ್ತಾ?”

“ಇಲ್ಲ ಚಿಕ್ಕಪ್ಪ, ಮೀಟಿಂಗಲ್ಲಿದೀನಿ. ಹೇಳಿ.”

“ಇಷ್ಟೊತ್ತಲ್ಲಿ ಎಂಥ ಮೀಟಿಂಗೋ? ಆರೋಗ್ಯ ನೋಡ್ಕೊ. ಅಪ್ಪನ ಮಂಡಿನೋವು ಹೆಂಗೈತೆ?”

ಇಲ್ಲಿಗೆ ಆರು ನಿಮಿಷ. ಕೋಡ್ ಬೇಕೆಂದು ನೇರವಾಗಿ ಕೇಳುವುದು ಹಿರಿಯರಿಗೆ ಶೋಭೆಯಲ್ಲ. ಮಂಡಿನೋವಿನ ನಂತರ ಮಳೆ, ಮಳೆಯ ನಂತರ ಕೊಬ್ಬರಿ ರೇಟು, ಅದು ಈ ವಾರ ಬಿತ್ತೋ ಎದ್ದಿತೋ ಎಂಬ ವಿಚಾರ. ಹನ್ನೆರಡನೇ ನಿಮಿಷಕ್ಕೆ ಹಿಂದಿನಿಂದ ಚಿಕ್ಕಮ್ಮನ ದನಿ: “ನಂಬರ್ ಕೇಳ್ರೀ ಮೊದ್ಲು!” ಆಗ ಚಿಕ್ಕಪ್ಪ, “ಅದೇನೋ ಟಿ.ವಿ. ನಂಬರ್ ಕೇಳ್ತೈತಂತೆ, ನಿಮ್ಮ ಚಿಕ್ಕಮ್ಮಂಗೆ. ಅವಸರ ಏನಿಲ್ಲ, ಮೀಟಿಂಗ್ ಮುಗಿಸ್ಕೊಂಡೇ ಹೇಳು.”

ಖಾತೆದಾರ ಓದಿ ಹೇಳುತ್ತಾನೆ. ಚಿಕ್ಕಪ್ಪ ಕನ್ನಡಕ ಹುಡುಕುತ್ತಾರೆ. ಎರಡನೇ ಅಂಕಿ ಆರೋ ಏಳೋ ಎಂದು ಚರ್ಚೆಯಾಗುತ್ತದೆ. ರಿಮೋಟಿನ ಪ್ಲಾಸ್ಟಿಕ್ ಕವರಿನ ಮೇಲಿಂದ ಒತ್ತಿದ ಗುಂಡಿ ಒಮ್ಮೆ ಹತ್ತುವುದಿಲ್ಲ, ಒಮ್ಮೆ ಎರಡು ಸಲ ಹತ್ತುತ್ತದೆ. ಅವಧಿ ಮುಗಿಯಿತು ಎಂದು ಪರದೆ ಹೇಳುತ್ತದೆ. ಮೊದಲಿನಿಂದ ಶುರು ಮಾಡಿ. ಎರಡನೇ ಸುತ್ತಿನಲ್ಲಿ ಮಂಡಿನೋವನ್ನು ಬಿಡಬಹುದು, ಕೊಬ್ಬರಿಯನ್ನು ಬಿಡುವಂತಿಲ್ಲ.

ಎಚ್ಚರಿಕೆ: ಬೇಸರದಿಂದ ನಿಮ್ಮ ಇಮೇಲ್ ಪಾಸ್‌ವರ್ಡನ್ನೇ ಅವರಿಗೆ ಕೊಟ್ಟುಬಿಡಬೇಡಿ. ನಿಮ್ಮ ಸಂಬಳದ ಚೀಟಿ ಅಲ್ಲೇ ಇರುತ್ತದೆ.

ಹೆಣ್ಣುಮಕ್ಕಳ ಪಾಲು

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದ ಕೊಂಕನ್ನು 2005ರ ಕೇಂದ್ರದ ತಿದ್ದುಪಡಿ ಸರಿಮಾಡಿತು. ಮದುವೆಯಾಗಿ ಹೋದರೂ ಮಗಳು ತವರಿನವಳೇ ಎಂದು ಕಾನೂನು ಒಪ್ಪಲು ಇಷ್ಟು ವರ್ಷ ಬೇಕಾಯಿತು. ಅದನ್ನು ಒಪ್ಪದಿರಲು ಟಿ.ವಿ.ಗೆ ಒಂದು ಕ್ಷಣ ಸಾಕು. ಅಕ್ಕ ಫೋನ್ ಮಾಡಿ, “ನಾನು ನಿಮ್ಮನೆಯವಳಲ್ಲ ಅಂತ ಟಿ.ವಿ. ಹೇಳ್ತಿದೆ. ನೀನೇನು ಹೇಳ್ತೀಯ?” ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ತಾಂತ್ರಿಕ ಉತ್ತರ ಕೊಡಬಾರದು. ಐಪಿ ವಿಳಾಸ ಎಂಬ ಮಾತೇ ಬಾಯಿಂದ ಬರಬಾರದು. ಭಾವ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ.

ಅಕ್ಕ ಬೇರೆ ಖಾತೆ ಮಾಡಿಕೊಂಡರೆ, ಅವಳ ಪ್ರೊಫೈಲನ್ನು ನೋಡಿದ್ದು, ಅರ್ಧ ನೋಡಿದ್ದು ಎಲ್ಲದರ ಸಮೇತ ಅಲ್ಲಿಗೆ ಸಾಗಿಸುವ ಸೌಲಭ್ಯವಿದೆ. 2022ರ ಅಕ್ಟೋಬರಿನಲ್ಲೇ ಅದನ್ನು ತಂದು ಇಟ್ಟಿದ್ದರು. ಹೊರಗೆ ಹಾಕುವ ಮೊದಲು ಸಾಮಾನು ಕಟ್ಟಿಕೊಡುವ ಸೌಜನ್ಯ.

ವಿದೇಶದಲ್ಲಿ ಅಳವಡಿಕೆ

ಇದು ಇನ್ನೊಂದು ಕುಟುಂಬ: ನ್ಯೂಜೆರ್ಸಿಯ ಮಗ, ಸಾಗರದ ತಂದೆತಾಯಿ. ಅಮೆರಿಕದಲ್ಲಿ ಹೊರಗಿನ ಒಬ್ಬರನ್ನು ತಿಂಗಳಿಗೆ 7.99 ಡಾಲರಿಗೆ ಹೆಚ್ಚುವರಿ ಸದಸ್ಯರಾಗಿ ಸೇರಿಸಿಕೊಳ್ಳಲು ಶುರುವಿನಲ್ಲೇ ದಾರಿ ಕೊಟ್ಟರು. ಆದರೆ ಆ ಸದಸ್ಯರು ಅದೇ ದೇಶದಲ್ಲಿರಬೇಕು. ಅಂದರೆ ನ್ಯೂಜೆರ್ಸಿಯವನು ಟೆಕ್ಸಾಸಿನ ಸ್ನೇಹಿತನನ್ನು ಸೇರಿಸಬಹುದು, ಹೆತ್ತವರನ್ನಲ್ಲ. ಭಾರತದಲ್ಲಿ ಆ ಬಾಗಿಲನ್ನೇ ಇಡಲಿಲ್ಲ. ಇಂಥ ಹಲವು ದೇಶಗಳಲ್ಲಿ ದರ ಆಗಲೇ ಇಳಿಸಿದ್ದೇವಲ್ಲ ಎಂದರು.

ಲೆಕ್ಕ ಚುಕ್ತಾ

ದರ ಇಳಿಸಿದ್ದು ಹೌದು. 2021ರ ಡಿಸೆಂಬರಿನಲ್ಲಿ ಮೊಬೈಲ್ ಪ್ಲಾನ್ 149ಕ್ಕೆ, ಟಿ.ವಿ.ಯಲ್ಲೂ ನೋಡಬಹುದಾದ ಬೇಸಿಕ್ ಪ್ಲಾನ್ 499ರಿಂದ 199ಕ್ಕೆ ಇಳಿಯಿತು. ನಾಲ್ಕು ಪರದೆಯ 649ನ್ನು ನಾಲ್ಕು ಪಾಲು ಮಾಡಿದರೆ ತಲೆಗೆ 162 ರೂಪಾಯಿ ಚಿಲ್ಲರೆ. ಮೊಬೈಲಿನಲ್ಲಿ ನೋಡುವವನಿಗೆ ಪಾಲಿಗಿಂತ ಸ್ವಂತದ್ದೇ ಅಗ್ಗ! ಹಾಗಿದ್ದೂ ಯಾಕೆ ಯಾರೂ ಬೇರೆಯಾಗಿರಲಿಲ್ಲ?

ಯಾಕೆಂದರೆ ಯಾರೂ ಪುಕ್ಕಟೆ ನೋಡುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬರುತ್ತಿತ್ತು. ತಿಪಟೂರಿನಿಂದ ವರ್ಷಕ್ಕಾಗುವಷ್ಟು ಕೊಬ್ಬರಿ, ಮೇಲೊಂದು ಚೀಲ ತೆಂಗಿನಕಾಯಿ. ಖಾತೆದಾರನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಕಾದದ್ದು ಚಿಕ್ಕಪ್ಪನ ಮಗ. ಇದನ್ನು ಯಾರೂ 649ರ ಎದುರಿಗೆ ಬರೆದಿರಲಿಲ್ಲ. ಬರೆದಿದ್ದರೆ ಖಾತೆದಾರನೇ ಬಾಕಿ ಉಳಿಸಿಕೊಂಡಿರುತ್ತಿದ್ದ. ಹತ್ತು ಕೋಟಿ ಮನೆಗಳು ಹಣ ಕೊಡದೆ ನೋಡುತ್ತಿವೆ ಎಂದು ಕಂಪನಿ ಹೇಳಿದ್ದು ಅದರ ಪುಸ್ತಕದ ಮಟ್ಟಿಗೆ ಸರಿ. ಅಲ್ಲಿ ತೆಂಗಿನಕಾಯಿಗೆ ಕಾಲಂ ಇಲ್ಲ.

ಹಾಗೆಂದು ಇನ್ನೊಂದು ಅಂಗಡಿಗೆ ಓಡಬೇಡಿ. ಡಿಸ್ನಿ ಪ್ಲಸ್ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಇದೇ ಹಾದಿ ಹಿಡಿಯಿತು. ಅಮೆಜಾನ್ ಪ್ರೈಮ್ 2025ರ ಜನವರಿಯಿಂದ ಭಾರತದಲ್ಲಿ ಐದು ಸಾಧನ, ಅದರಲ್ಲಿ ಟಿ.ವಿ. ಎರಡೇ ಎಂದಿತು. ಇನ್ನು ಕನ್ನಡಿಗನ ಪಾಡು ಬೇರೆಯೇ ಇದೆ. ‘ಕಾಂತಾರ’ ಸಿನಿಮಾ ಬಂದಾಗ ಕನ್ನಡದ್ದು ಪ್ರೈಮ್‌ನಲ್ಲಿ, ನೆಟ್‌ಫ್ಲಿಕ್ಸ್‌ನಲ್ಲಿ ಹಿಂದಿ ಮಾತಾಡುವ ಪಂಜುರ್ಲಿ ದೈವ. ಎರಡು ಕಡೆ ದುಡ್ಡು ಕಟ್ಟಿದವನಿಗೆ ಮಾತ್ರ ಪೂರ್ಣ ದರ್ಶನ.

ಪಾಲಾದ ನಂತರದ ದೋಷಗಳು

ಚಿಕ್ಕಪ್ಪ 199ರ ಪ್ಲಾನ್ ಹಾಕಿಸಿಕೊಂಡಿದ್ದಾರೆ. ಹಾಕಿಸಿಕೊಟ್ಟದ್ದು ನೀವೇ. ಒಂದು ತಿಂಗಳು ನಿಮ್ಮ ಫೋನ್ ಸುಮ್ಮನಿರುತ್ತದೆ. ಆಮೇಲೊಂದು ರಾತ್ರಿ ಮಂಡಿನೋವು, ಮಳೆ, ಕೊಬ್ಬರಿ ಎಲ್ಲ ದಾಟಿ ಚಿಕ್ಕಪ್ಪ ವಿಷಯಕ್ಕೆ ಬರುತ್ತಾರೆ: “ನನ್ನ ಮೊಬೈಲಿಗೆ ಅದೇನೋ ನಂಬರ್ ಬಂದೈತೆ. ತುರುವೇಕೆರೆ ಬೀಗರು ಕೇಳ್ತಾವ್ರೆ. ಕೊಡಬಹುದಾ?”

ಬೀಗರಿಗೆ ಇಲ್ಲವೆನ್ನುವ ಕ್ರಮವನ್ನು ಈ ಕೈಪಿಡಿಯಲ್ಲಿ ಸೇರಿಸಿಲ್ಲ.