ಕಂತುರಾಯರು

ಬೆಂಗಳೂರಿನ ಯಾವ ಬಡಾವಣೆಯ ಯಾವ ಅಡ್ಡರಸ್ತೆಯನ್ನು ಹೊಕ್ಕರೂ, ತಾರಸಿಯ ಮೂಲೆಮೂಲೆಯಲ್ಲಿ ತುಕ್ಕು ಹಿಡಿದ ಕಂಬಿಗಳನ್ನು ಗಗನಾಭಿಮುಖವಾಗಿ ನಿಲ್ಲಿಸಿಕೊಂಡಿರುವ ಮನೆಯೊಂದು ಕಣ್ಣಿಗೆ ಬೀಳದೆ ಇರದು. ಅದರ ಯಜಮಾನರೇ ನಮ್ಮ ಕಂತುರಾಯರು. ಮಳೆಗಾಲಕ್ಕೆ ಮುಂಚೆ ಆ ಕಂಬಿಗಳಿಗೆ ಸ್ವಹಸ್ತದಿಂದ ಸಿಮೆಂಟಿನ ತಿಳಿ ಬಳಿಯುವುದು ಅವರ ವಾರ್ಷಿಕ ವ್ರತ. ಉಳಿದ ದಿನಗಳಲ್ಲಿ ಅವಕ್ಕೆ ಹಗ್ಗ ಬಿಗಿದು ಸೀರೆ ಹರವುವುದು ಅವರ ಗೃಹಿಣಿಯ ಹಕ್ಕು.

ಮೂವತ್ತು–ನಲವತ್ತರ ನಿವೇಶನಕ್ಕೆ ನಕ್ಷೆ ಬರೆಸಿದಂದು, ಒಟ್ಟಿಗೆ ಮೂರು ಅಂತಸ್ತಿಗೂ ಮಂಜೂರಾತಿ ಪಡೆದುಬಿಡಿರೆಂದು ಎಂಜಿನಿಯರು ಎಷ್ಟು ಹೇಳಿದರೂ, "ಕಟ್ಟದ ಮಹಡಿಗೂ ಶುಲ್ಕವೇ ಸ್ವಾಮಿ?" ಎಂದು ರಾಯರು ನೆಲಮಹಡಿಗೆ ಮಾತ್ರ ಪರವಾನಗಿ ತಂದರು. ಪರವಾನಗಿಯ ಆಯುಸ್ಸು ಎರಡು ವರ್ಷ. ರಾಯರ ದ್ರವ್ಯದ ಆಯುಸ್ಸು ಒಂದು ಮೋಲ್ಡು. ಕಾಗದ ಜೀವಂತವಾಗಿದ್ದಾಗ ಹಣವಿಲ್ಲ, ಹಣ ಕೈಗೆ ಬಂದಾಗ ಕಾಗದವಿಲ್ಲ; ಇವೆರಡರ ಸಂಧಿಕಾಲವನ್ನು ಯಾವ ಪಂಚಾಂಗವೂ ತಿಳಿಸದೆ ಹೋದುದರಿಂದ ಮೊದಲನೆಯ ಮಹಡಿಯು ಕಾಗದವನ್ನು ಕಾಯದೆಯೇ ಮೇಲೆದ್ದಿತು.

ಆದರೆ ರಾಯರ ಪ್ರತಿಭೆಯನ್ನು ಕಾಣಬೇಕಾದರೆ ಮನೆಯ ಎಡಮಗ್ಗುಲಿನ ಓಣಿಯನ್ನು ನೋಡಬೇಕು. ಗಾಳಿಬೆಳಕುಗಳಿಗೆಂದು ನಿಯಮಾನುಸಾರ ಬಿಟ್ಟ ಸೆಟ್‌ಬ್ಯಾಕು ಅದು. ಅಲ್ಲಿ ಮೊದಲು ಒಗೆಯುವ ಕಲ್ಲೊಂದು ಬಂದಿತು. ಒಗೆಯುವವರಿಗೆ ಬಿಸಿಲು ತಾಗದಿರಲೆಂದು ಮೇಲೆ ತಗಡು. ತಗಡು ಗಾಳಿಗೆ ಹಾರದಿರಲೆಂದು ಗೋಡೆ. ಗೋಡೆ ಎದ್ದಮೇಲೆ ನಾಯಿ ನುಗ್ಗದಿರಲೆಂದು ಬಾಗಿಲು. ಬಾಗಿಲಿಗೆ ಬೀಗ ಬಿದ್ದ ಮರುತಿಂಗಳು ಅದರ ಕೀಲಿಕೈ ಬಾಡಿಗೆದಾರನ ಜೇಬಿನಲ್ಲಿತ್ತು. "ಎಲ್ಲ ಟೆಂಪರವರಿ" ಎಂಬುದು ರಾಯರ ಸಮಾಧಾನ. ಈ ಜಗತ್ತೇ ಟೆಂಪರವರಿಯೆಂಬ ಅರ್ಥದಲ್ಲಿ ಹೇಳಿದ್ದರೆ ನಮ್ಮ ಆಕ್ಷೇಪಣೆಯೇನೂ ಇಲ್ಲ.

ವಾಸದ ಮನೆಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಯನ್ನು ದಂಡ ತೆತ್ತು ಸಕ್ರಮಗೊಳಿಸಿಕೊಳ್ಳಬಹುದೆಂದು ಅಕ್ರಮ–ಸಕ್ರಮ ಯೋಜನೆ ಸಾರಿದಾಗ, ಅನ್ಯರೆಲ್ಲ ತಮ್ಮ ಅಪರಾಧ ಅರ್ಧವನ್ನು ಮೀರಿತೇನೋ ಎಂದು ತಳಮಳಿಸುತ್ತಿದ್ದರೆ, ರಾಯರು ಟೇಪು ಹಿಡಿದು ಅಳೆದು, ತಮ್ಮ ಪಾಲಿನ ಅರ್ಧದಲ್ಲಿ ಇನ್ನೂ ಉಳಿಕೆಯಿರುವುದನ್ನು ಕಂಡು ಮರುಗಿ, ಹಿತ್ತಲ ಕಡೆಗೆ ಮತ್ತೊಂದು ಬಚ್ಚಲು ಕಟ್ಟಿಸಿದರು. 2013ರ ಅಕ್ಟೋಬರ್ 19ಕ್ಕೆ ಮೊದಲಿನ ಕಟ್ಟಡಗಳಿಗೆ ಮಾತ್ರ ಈ ಕೃಪೆಯೆಂದು ತಿಳಿದಂದು, ಹೊಸ ಗಾರೆಗೆ ಒಲೆಯ ಮಸಿ ಬಳಿಸಿ ಪ್ರಾಚೀನತೆಯನ್ನು ಸಂಪಾದಿಸಿದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಯೋಜನೆಗೆ ತಡೆಯಾಜ್ಞೆಯಿತ್ತಿತು. ಮಸಿ ಮಾತ್ರ ಉಳಿಯಿತು.

ಬಳಿಕ ಬಂದಿತು ಎರಡನೆಯ ಮಹಡಿಯ ಪರ್ವ. ಓ.ಸಿ. ಎಂಬ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರುಗಳ ಸಂಪರ್ಕ ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ವಿಧಿಸಿತು. ಆ ಪತ್ರ ಬೇಕಾದರೆ ಕಟ್ಟಡ ಪೂರ್ಣಗೊಂಡಿತೆಂದು ರುಜು ಮಾಡಬೇಕಿತ್ತು. ಲೇಖನಿ ಹಿಡಿದ ರಾಯರು ಅದನ್ನು ಹಾಗೆಯೇ ಕೆಳಗಿಟ್ಟರು. ಸುಳ್ಳಿಗೆ ಅವರು ಅಂಜಿದವರಲ್ಲ.

"ಪೂರ್ಣವೆಂದು ಬರೆದುಕೊಟ್ಟರೆ ಮೇಲಿನ ಕಂಬಿಗಳ ಗತಿಯೇನು ಸ್ವಾಮಿ? ಈ ಓ.ಸಿ.ಯನ್ನು ಕಂತಿನಲ್ಲಿ ಕೊಡುವುದುಂಟೇ?"

"ಭಾಗಶಃ ಕೊಡುವುದುಂಟು ರಾಯರೆ, ಆದರೆ..." ಎಂದರು ಎಂಜಿನಿಯರು.

ಆ 'ಆದರೆ'ಯ ಮುಂದಿನ ಮಾತನ್ನು ಕೇಳಲು ರಾಯರು ಅಲ್ಲಿರಲಿಲ್ಲ. ಮೇಸ್ತ್ರಿಗೆ ಫೋನು ಮಾಡಲು ತಾರಸಿ ಹತ್ತಿದ್ದರು.